ಬ್ಲೀಚಿಂಗ್ ಪೌಡರಿಗೆ ಬಗ್ಗದ ಜೀವಿ, ಬಿಸಿಲಿನ ಮದ್ದು

ವಿಜಯಪುರದ ತಾಜ್ ಬಾವಡಿ ಅನ್ನುವ ಮೆಟ್ಟಿಲು ಬಾವಿ ನೋಡಿದ್ದೀರಾ? 1620ರ ಸುಮಾರಿಗೆ ಎರಡನೇ ಇಬ್ರಾಹಿಂ ಆದಿಲ್ ಶಾ ಕಾಲದಲ್ಲಿ ಕಟ್ಟಿದ್ದು. ಈ ಬಿಸಿಲೂರಿನಲ್ಲಿ ಆಗ ನೀರು ಸಿಕ್ಕರೆ ಸಾಕಿತ್ತು. ಅದರೊಳಗೆ ಏನಿದೆ ಅನ್ನುವ ಪ್ರಶ್ನೆ ಬಂದದ್ದು ಬಹಳ ತಡವಾಗಿ.

ನಾರುಹುಣ್ಣನ್ನೇ ನೋಡಿ. ರೋಗಿ ಮೆಟ್ಟಿಲು ಬಾವಿಗೆ ಇಳಿದು ನೀರಲ್ಲಿ ಕಾಲಿಟ್ಟರೆ ಹುಣ್ಣಿನೊಳಗಿನ ಹುಳು ಮರಿ ಬಿಡುತ್ತಿತ್ತು. ಆ ಮರಿಗಳನ್ನು ನುಂಗಿದ ಸಣ್ಣ ನೀರುಕೀಟ ಕುಡಿಯುವ ನೀರಿನ ಜೊತೆ ಇನ್ನೊಬ್ಬರ ಹೊಟ್ಟೆ ಸೇರುತ್ತಿತ್ತು. ಈ ಪಿಡುಗು ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬಟ್ಟೆಯಲ್ಲಿ ನೀರು ಸೋಸುವುದನ್ನು ಜನ ರೂಢಿ ಮಾಡಿಕೊಂಡರು. 1996ರ ನಂತರ ದೇಶದಲ್ಲಿ ಒಬ್ಬರಿಗೂ ಅದು ಬಂದಿಲ್ಲ. ಇದು ಎಂಥ ದೊಡ್ಡ ಗೆಲುವು ಅನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ ಅನಿಸುತ್ತದೆ.

ಆದರೆ ಕ್ರಿಪ್ಟೋಸ್ಪೊರಿಡಿಯಂ (ಚಿಕ್ಕದಾಗಿ ಕ್ರಿಪ್ಟೋ) ಅನ್ನುವ, ಭೇದಿ ತರುವ ಸೂಕ್ಷ್ಮ ಜೀವಿ ಬಟ್ಟೆಗೆ ಸಿಗುವುದಿಲ್ಲ. ಅದರ ಗಾತ್ರ 4ರಿಂದ 6 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಚಿಕ್ಕದು. ಕರುಗಳ ಸಗಣಿಯಲ್ಲಿ ಇರುತ್ತದೆ, ಮಳೆ ಬಂದರೆ ಕೆರೆ-ಬಾವಿಗೆ ಹರಿದು ಬರುತ್ತದೆ. ಮೈಮೇಲಿನ ಗಟ್ಟಿ ಚಿಪ್ಪು ಬ್ಲೀಚಿಂಗ್ ಪೌಡರಿನಲ್ಲಿರುವ ಕ್ಲೋರಿನ್‌ಗೆ ಜಗ್ಗುವುದಿಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರು ಕುಡಿದೇ ಸುಮಾರು 4 ಲಕ್ಷ ಜನ ಭೇದಿಯಿಂದ ಮಲಗಿದರು. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದ ಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೇವೆ ಅಲ್ವಾ? ನನಗೆ ಭಯ ಹುಟ್ಟಿಸುವುದು ಆ ನಂಬಿಕೆಯೇ.

ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ ಅಂತ 1877ರಲ್ಲೇ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ತೋರಿಸಿದ್ದರು. 1980ರ ಹೊತ್ತಿಗೆ ಬೇರೂತಿನ ಆಫ್ತಿಮ್ ಆಕ್ರಾ ಅದನ್ನು ಕುಡಿಯುವ ನೀರಿಗೆ ತಂದರು. ತಿಳಿ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ತುಂಬಿ 6 ಗಂಟೆ ಬಿಸಿಲಿಗಿಡುವ ಪದ್ಧತಿ ಮುಂದೆ ಹಲವು ದೇಶಗಳಿಗೆ ಹಬ್ಬಿತು. ಭೇದಿ ತರುವ ಬ್ಯಾಕ್ಟೀರಿಯಾ ಇದರಿಂದ ಸಾಯುತ್ತವೆ. ಕ್ರಿಪ್ಟೋ ಮಾತ್ರ ಅಷ್ಟು ಬಿಸಿಲಿಗೂ ಪೂರ್ತಿ ಸಾಯುವುದಿಲ್ಲ.

ಇಲ್ಲಿ ರಸಾಯನಶಾಸ್ತ್ರ ಬಿಸಿಲಿನ ಕೈಹಿಡಿಯುತ್ತದೆ. ಗೋಡೆ ಬಣ್ಣಕ್ಕೆ ಬಿಳುಪು ಕೊಡುವ ಪುಡಿ ಇದೆಯಲ್ಲ, ಟೈಟಾನಿಯಂ ಡೈಆಕ್ಸೈಡ್, ಅದರ ಗುಣವನ್ನು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಜಗತ್ತಿಗೆ ತಿಳಿಸಿದರು. ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಪುಡಿಯೊಳಗಿನ ಎಲೆಕ್ಟ್ರಾನ್‌ಗಳು ಜಾಗ ಬಿಟ್ಟು ಏಳುತ್ತವೆ. ಖಾಲಿಯಾದ ಜಾಗ ಪಕ್ಕದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಹುಟ್ಟುವುದು ತುಂಬ ಚುರುಕಾದ ಒಂದು ಕಣ, ಹೈಡ್ರಾಕ್ಸಿಲ್ ರ‍್ಯಾಡಿಕಲ್. ಒಂದು ಕ್ಷಣವೂ ಬಾಳದು, ಆದರೆ ತಾಗಿದ್ದನ್ನು ಕೊರೆಯುತ್ತದೆ, ಚಿಪ್ಪನ್ನೂ ಸಹ. ಸ್ಪೇನ್‌ನ ಅಲ್ಮೇರಿಯಾದಲ್ಲಿ ನಿಜವಾದ ಬಿಸಿಲಿನಲ್ಲೇ ಕ್ರಿಪ್ಟೋ ಮೇಲೆ ಇದನ್ನು ಪ್ರಯೋಗಿಸಿದಾಗ, ಬರೀ ಬಿಸಿಲಿಗಿಂತ ಪುಡಿ ಬೆರೆತ ಬಿಸಿಲೇ ಜಾಸ್ತಿ ಕೆಲಸ ಮಾಡಿತು.

ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ. ಆದರೆ ಅದರಲ್ಲಿ ಈ ಪುಡಿಗೆ ಬೇಕಾದ ಅತಿನೇರಳೆ ಕಿರಣ ನೂರಕ್ಕೆ ಸುಮಾರು 5 ಪಾಲು ಅಷ್ಟೇ. ಪುಡಿಯನ್ನು ಸುಮ್ನೆ ನೀರಿಗೆ ಹಾಕಿದರೆ ಕುಡಿಯುವ ಮೊದಲು ಪೂರ್ತಿ ಸೋಸಿ ತೆಗೆಯಬೇಕು. ಗಾಜಿಗೆ ಲೇಪಿಸಿದರೆ ಆ ತೊಂದರೆ ಇಲ್ಲ, ಕೆಲಸ ನಿಧಾನ. ಈ ತೊಡಕು ಬಿಡಿಸಲು ಸಂಶೋಧಕರು ಇನ್ನೂ ದುಡಿಯುತ್ತಿದ್ದಾರೆ. ಅಲ್ಲಿಯವರೆಗೆ ಮನೆಯಲ್ಲಿ ಕ್ರಿಪ್ಟೋ ಕೊಲ್ಲಲು ಒಲೆಯೇ ಇದೆ: ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಬಿಡಿ. ಮಳೆಗಾಲದಲ್ಲಿ ಮಕ್ಕಳಿಗೆ ಕೊಡುವ ನೀರನ್ನಂತೂ ಕುದಿಸಿಯೇ ಕೊಡಿ.