ಕಿಕ್‌ಬ್ಯಾಕ್: ಗರಗಸ ತಿರುಗಿ ಒದೆಯುವುದು

ಪೇಪರ್ ಓದುವವರಿಗೆ ‘ಕಿಕ್‌ಬ್ಯಾಕ್’ ಅಂದರೆ ಲಂಚ, ಕಮಿಷನ್. ಮರ ಕೊಯ್ಯುವವರ ಬಾಯಲ್ಲಿ ಅದೇ ಪದಕ್ಕೆ ಬೇರೆಯೇ ಅರ್ಥ ಇದೆ. ತಿರುಗುತ್ತಿರುವ ಬ್ಲೇಡು ಮರದಲ್ಲಿ ಸಿಕ್ಕಿಕೊಂಡರೆ, ಇಡೀ ಮಷೀನು ಹಿಡಿದವರ ಕಡೆಗೇ ಚಿಮ್ಮಿ ಬರುತ್ತದೆ. ಆ ಹೊಡೆತಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ‘ಗರಗಸ ಒದೆಯಿತು’ ಅಂದರೆ ಕನ್ನಡದಲ್ಲಿ ಚೆನ್ನಾಗಿ ಹೊಂದುತ್ತದೆ.

ಬ್ಯಾಟರಿ ಗರಗಸ ಮನೆಮನೆಗೆ ಬರುತ್ತಿರುವಾಗ ಈ ಪದ ಎಲ್ಲರಿಗೂ ಗೊತ್ತಿರಬೇಕು. ವೈರ್ ಇಲ್ಲ, ಎತ್ತಲು ಸುಲಭ. ಇದಕ್ಕೇನು ಮಹಾ ಶಕ್ತಿ ಅಂತ ಸಲೀಸಾಗಿ ಕೈಗೆತ್ತಿಕೊಳ್ಳುತ್ತೇವೆ, ಅಲ್ವಾ? ಆದರೆ ಈಗಿನ 18 ವೋಲ್ಟ್, 36 ವೋಲ್ಟ್ ಗರಗಸಗಳು ದಪ್ಪ ಹಲಗೆಯನ್ನೂ ಸಲೀಸಾಗಿ ಸೀಳುತ್ತವೆ. ಸೀಳುವ ಅದೇ ಬಲ ಒದೆತದಲ್ಲೂ ಇರುತ್ತದೆ.

ಒದೆತ ಯಾಕೆ ಆಗುತ್ತದೆ? ಕೈಯಲ್ಲಿ ಹಿಡಿದು ನಡೆಸುವ ಸರ್ಕ್ಯುಲರ್ ಗರಗಸವನ್ನು, ಅಂದರೆ ದುಂಡು ಬ್ಲೇಡಿನ ಗರಗಸವನ್ನು, ತೆಗೆದುಕೊಳ್ಳಿ. ಮರದೊಳಗಿರುವ ಹಲ್ಲುಗಳು ಮುಂದಕ್ಕೆ, ಮೇಲಕ್ಕೆ ಓಡುತ್ತಿರುತ್ತವೆ. ಮರ ಬ್ಲೇಡನ್ನು ಹಿಡಿದುಬಿಟ್ಟರೆ ಹಲ್ಲು ಮುಂದೆ ಹೋಗಲಾರದು. ಮೋಟಾರ್ ಮಾತ್ರ ನಿಂತಿರುವುದಿಲ್ಲ. ಆಗ ಬ್ಲೇಡು ಮರವನ್ನೇ ಮೆಟ್ಟಿ ಸೀಳಿನಿಂದ ಮೇಲೇಳುತ್ತದೆ, ಗರಗಸ ಹಿಂದಕ್ಕೆ ಹಾರುತ್ತದೆ.

ಇದು ನನ್ನ ಕೈಯಲ್ಲೇ ಒಮ್ಮೆ ಆಗಿದೆ. ಉದ್ದನೆಯ ಹಲಗೆಯನ್ನು ಎರಡು ಸ್ಟೂಲ್‌ಗಳ ಮೇಲೆ ಇಟ್ಟು, ಸರಿಯಾಗಿ ನಡುವೆ ಕೊಯ್ಯುತ್ತಿದ್ದೆ. ಮುಕ್ಕಾಲು ಭಾಗ ದಾಟಿದಾಗ ಮೋಟಾರ್ ಸದ್ದು ಭಾರವಾಯಿತು. ಹಲಗೆ ನಡುವೆ ಬಗ್ಗುತ್ತಿತ್ತು, ಸೀಳಿನ ಬಾಯಿ ಮೇಲಿನಿಂದ ಮುಚ್ಚಿಕೊಳ್ಳುತ್ತಿತ್ತು. ನಾನು ಇನ್ನಷ್ಟು ಒತ್ತಿದೆ. ಮರುಕ್ಷಣ ಗರಗಸ ಸೊಂಟದ ಪಕ್ಕದಲ್ಲೇ ಹಾದು ಹಿಂದಕ್ಕೆ ಬಂತು. ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತಿದ್ದೆ, ಅಷ್ಟರಿಂದಲೇ ಉಳಿದೆ. ಹಲಗೆಯ ಮೇಲೆ ಬ್ಲೇಡು ಗೀಚಿಕೊಂಡು ಬಂದ ಗುರುತು ಒಂದು ಗೇಣು ಉದ್ದ ಇತ್ತು.

ಒದೆತ ಶುರುವಾದ ಮೇಲೆ ತಡೆಯುತ್ತೇನೆ ಅನ್ನುವುದು ಆಗದ ಮಾತು. ಬ್ಲೇಡು ನಿಮಿಷಕ್ಕೆ 5000 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 83. ಏನೋ ಆಯಿತು ಅಂತ ಗೊತ್ತಾಗಿ ಬೆರಳು ಟ್ರಿಗ್ಗರ್ ಬಿಡಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ 16 ಸುತ್ತು ಮುಗಿದಿರುತ್ತದೆ.

ಹಾಗಾಗಿ ಎಲ್ಲ ಜಾಗ್ರತೆಯೂ ಕೊಯ್ಯುವ ಮುಂಚೆಯೇ. ಹಲಗೆಗೆ ಆಧಾರ ಕೊಡುವಾಗ, ಬೇರೆಯಾಗುವ ತುಂಡು ತಾನಾಗಿ ಕೆಳಗೆ ಬೀಳುವ ಹಾಗೆ ಇಡಿ. ಇಲ್ಲವೇ ಉದ್ದಕ್ಕೂ ಅಡಿಯಿಂದ ಆನಿಕೆ ಕೊಡಿ. ಹಲಗೆಯ ಅಡಿಯಲ್ಲಿ ಬ್ಲೇಡಿನ ಒಂದು ಹಲ್ಲಿನಷ್ಟು ಮಾತ್ರ ಕಾಣಲಿ, ಅದಕ್ಕಿಂತ ಜಾಸ್ತಿ ಇಳಿಸಬೇಡಿ. ಮೊಂಡಾದ ಬ್ಲೇಡು ಬೇಗ ಸಿಕ್ಕಿಕೊಳ್ಳುತ್ತದೆ, ಹಸಿ ಮರವೂ ಹಾಗೆಯೇ. ಸಾಲು ತಪ್ಪಿತು ಅಂತ ನಡುವೆ ಗರಗಸವನ್ನು ತಿರುಚಿ ಸರಿಮಾಡಲು ಹೋಗುವುದಂತೂ ಒದೆತವನ್ನು ಕರೆದಂತೆ. ಟ್ರಿಗ್ಗರ್ ಬಿಡಿ, ಬ್ಲೇಡು ಪೂರ್ತಿ ನಿಲ್ಲಲಿ, ಆಮೇಲೆ ಹೊರಗೆ ತೆಗೆದು ಹೊಸದಾಗಿ ಶುರು ಮಾಡಿ. ಬ್ಲೇಡಿನ ಕೆಳಭಾಗವನ್ನು ಮುಚ್ಚುವ ಗಾರ್ಡ್ ಅಡ್ಡ ಬರುತ್ತದೆ ಅಂತ ಅದನ್ನು ಮೇಲಕ್ಕೆತ್ತಿ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಒದ್ದು ಬಂದ ಗರಗಸಕ್ಕೂ ನಿಮ್ಮ ತೊಡೆಗೂ ನಡುವೆ ಇರುವುದು ಅದೊಂದೇ.

ಚೈನ್ ಗರಗಸದ ಒದೆತ ಸ್ವಲ್ಪ ಬೇರೆ. ಅದರ ಬಾರ್‌ನ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ) ತುದಿಯ ಮೇಲ್ಭಾಗ ಏನಕ್ಕಾದರೂ ತಗುಲಿದರೆ, ಬಾರ್ ಮೇಲಕ್ಕೆ ತಿರುಗಿ ಮುಖದ ಕಡೆಗೆ ಬರುತ್ತದೆ. ತುದಿ ಎಲ್ಲಿದೆ ಅಂತ ಸದಾ ಕಣ್ಣಿರಲಿ, ಎರಡೂ ಕೈ ಹಿಡಿಯ ಮೇಲಿರಲಿ.

ಇನ್ನು ಬ್ಯಾಟರಿ. ವೈರ್ ಇರುವ ಮಷೀನಾದರೆ ಪ್ಲಗ್ ಕಿತ್ತರೆ ಮುಗಿಯಿತು. ಇಲ್ಲಿ ಪ್ಲಗ್ ಮಷೀನಿನ ಮೈಯಲ್ಲೇ ಕೂತಿದೆ. ಬ್ಯಾಟರಿ ಒಳಗಿರುವಷ್ಟು ಹೊತ್ತು, ಬೆರಳು ಸುಮ್ನೆ ತಾಗಿದರೂ ಬ್ಲೇಡು ತಿರುಗಬಹುದು. ಗರಗಸ ಸಿಕ್ಕಿಕೊಂಡಿದೆಯಾ, ಬ್ಲೇಡ್ ಬದಲಿಸಬೇಕಾ, ಹೊಟ್ಟು ಕೆರೆದು ತೆಗೆಯಬೇಕಾ? ಮೊದಲು ಬ್ಯಾಟರಿ ತೆಗೆಯಿರಿ. ಆಮೇಲೆ ಸೀಳಿಗೆ ಮರದ ಬೆಣೆ ಹೊಡೆದು ಬ್ಲೇಡನ್ನು ಬಿಡಿಸಿ.

ಬ್ಲೇಡು ಸಿಕ್ಕಿಕೊಂಡಾಗ ಬ್ಯಾಟರಿಗೂ ಪೆಟ್ಟು. ನಿಂತ ಮೋಟಾರ್ ಒಂದೇ ಸಲಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಒಳಗಿನ ಲಿಥಿಯಂ ಸೆಲ್‌ಗಳು ಬಿಸಿಯಾಗುತ್ತವೆ. 18 ವೋಲ್ಟ್ ಬ್ಯಾಟರಿಯಲ್ಲಿ 3.6 ವೋಲ್ಟಿನ 5 ಸೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದು ಕೆಟ್ಟು ಹೊತ್ತಿಕೊಂಡರೆ ಬಿಸಿ ಪಕ್ಕದ್ದಕ್ಕೂ ಹಬ್ಬಬಹುದು. ಮುಟ್ಟಿದರೆ ಸುಡುವ ಬ್ಯಾಟರಿಯನ್ನು ತಕ್ಷಣ ಚಾರ್ಜರ್‌ಗೆ ಹಾಕಬೇಡಿ, ತಣ್ಣಗಾಗಲಿ. 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಚಾರ್ಜ್ ಮಾಡಬಾರದು. ಮೊಳೆ, ಸ್ಕ್ರೂ ಇರುವ ಚೀಲಕ್ಕೆ ಬ್ಯಾಟರಿಯನ್ನು ಹಾಗೇ ಹಾಕಿದರೆ, ಒಂದೇ ಒಂದು ಮೊಳೆ ಎರಡೂ ಟರ್ಮಿನಲ್‌ಗಳಿಗೆ ತಾಗಿ ಶಾರ್ಟ್ ಆಗಬಹುದು, ಮುಚ್ಚಳ ಹಾಕಿಡಿ. ಉಬ್ಬಿದ, ಬಿದ್ದು ಬಿರುಕು ಬಿಟ್ಟ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಕಸದ ಬುಟ್ಟಿಗೂ ಎಸೆಯಬೇಡಿ, ಹಳೆ ಬ್ಯಾಟರಿ ತೆಗೆದುಕೊಳ್ಳುವಲ್ಲಿಗೆ ಕೊಡಿ.