74 ಕಿಲೋಮೀಟರ್ ಹಾರಲು ಎಷ್ಟು ನಿಮಿಷ ಬೇಕು?

ನೇಪಾಳದ ರಾಮೇಛಾಪ್ ಜಿಲ್ಲೆಯ ಮಂಥಲಿ ಒಂದು ಪುಟ್ಟ ವಿಮಾನ ನಿಲ್ದಾಣ. ಎವರೆಸ್ಟ್ ಚಾರಣಿಗರು ಇಳಿಯುವ ಲುಕ್ಲಾ ಇನ್ನೊಂದು. ಇವೆರಡರ ನಡುವಿನ ದೂರವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು.

ಮಂಥಲಿ 27.39 ಡಿಗ್ರಿ ಉತ್ತರ ಅಕ್ಷಾಂಶ, 86.06 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಲುಕ್ಲಾ 27.69 ಮತ್ತು 86.73ರಲ್ಲಿದೆ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಅಂದಮೇಲೆ ಉತ್ತರಕ್ಕೆ 33 ಕಿ.ಮೀ. ಆಯಿತು. ರೇಖಾಂಶಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಅದಕ್ಕಾಗಿ 111ನ್ನು ಅಕ್ಷಾಂಶದ ಕೊಸೈನ್‌ನಿಂದ, ಇಲ್ಲಿ 0.887ರಿಂದ, ಗುಣಿಸಿಕೊಳ್ಳಬೇಕು. ಪೂರ್ವಕ್ಕೆ 66 ಕಿ.ಮೀ. ಬರುತ್ತದೆ. ಪೈಥಾಗೊರಸ್ ಪ್ರಮೇಯ ಹಚ್ಚಿದರೆ ನೇರ ದೂರ 74 ಕಿ.ಮೀ. ಇಷ್ಟು ಕಡಿಮೆ ಅಂತರದಲ್ಲಿ ಭೂಮಿಯ ದುಂಡುತನದಿಂದ ಲೆಕ್ಕ ಹೆಚ್ಚುಕಡಿಮೆಯಾಗುವುದಿಲ್ಲ. ಎಡವುವುದು ಬೇರೆ ಕಡೆ: ಡಿಗ್ರಿಯ ಅರುವತ್ತನೇ ಒಂದು ಭಾಗಕ್ಕೂ ನಿಮಿಷ ಎಂದೇ ಹೆಸರು, ಹಾಗಾಗಿ 27 ಡಿಗ್ರಿ 41 ನಿಮಿಷ ಎಂದರೆ 27.68. ಅದನ್ನು 27.41 ಎಂದು ಬರೆದುಕೊಂಡರೆ ಊರು 30 ಕಿ.ಮೀ. ದಕ್ಷಿಣಕ್ಕೆ ಸರಿದುಬಿಡುತ್ತದೆ!

ದೂರ ಸಿಕ್ಕಿತು. ಸಮಯ ಮಾತ್ರ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಜೆಟ್ ವಿಮಾನದ ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸುವ ರೂಢಿಯ ಸೂತ್ರ ಇಲ್ಲಿ 35 ನಿಮಿಷ ಎನ್ನುತ್ತದೆ. ಆದರೆ ಲುಕ್ಲಾದ 527 ಮೀಟರ್ ರನ್‌ವೇಯಲ್ಲಿ ಜೆಟ್ ಇಳಿಯುವುದೇ ಇಲ್ಲ. ಅಲ್ಲಿಗೆ ಹೋಗುವುದು ಟ್ವಿನ್ ಆಟರ್‌ನಂಥ ಚಿಕ್ಕ ವಿಮಾನ. ಗಂಟೆಗೆ 270 ಕಿ.ಮೀ. ಹಿಡಿದರೆ 16 ನಿಮಿಷ ಸಾಕು. ಆದರೆ ಮಂಥಲಿ ಇರುವುದು 474 ಮೀಟರ್ ಎತ್ತರದಲ್ಲಿ, ಲುಕ್ಲಾ 2,845 ಮೀಟರ್‌ನಲ್ಲಿ. ನಿಮಿಷಕ್ಕೆ ಸಾವಿರ ಅಡಿ ಏರಿದರೂ ಲುಕ್ಲಾದ ಮಟ್ಟ ಮುಟ್ಟಲು ಎಂಟು ನಿಮಿಷ ಹಿಡಿಯುತ್ತದೆ, ಏರುವಾಗ ಮುಂದಕ್ಕೆ ಸಾಗುವ ವೇಗವೂ ಕಡಿಮೆ. ಕಣಿವೆಯ ತಿರುವುಗಳನ್ನೂ ಸೇರಿಸಿಕೊಂಡರೆ 20 ನಿಮಿಷ ಎಂದುಕೊಳ್ಳುವುದೇ ಸರಿ.

ಇನ್ನು ಗಾಳಿ. ನಿಧಾನದ ವಿಮಾನಕ್ಕೆ ಗಾಳಿಯ ಕಾಟ ಹೆಚ್ಚು. 200 ಕಿ.ಮೀ. ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಎದುರುಗಾಳಿ ಬೀಸಿದರೆ 44 ನಿಮಿಷದ ಹಾರಾಟ ಸುಮಾರು 55 ನಿಮಿಷವಾಗುತ್ತದೆ. ವಾಪಸು ಬರುವಾಗ ಅದೇ ಗಾಳಿ ಬೆನ್ನಿಗಿದ್ದರೂ ಉಳಿಯುವುದು ಏಳೇ ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟ ಎಂದೂ ಪೂರ್ತಿ ತುಂಬಿಬರುವುದಿಲ್ಲ. ಅಡ್ಡಗಾಳಿ ಕೂಡ ಬಿಟ್ಟಿಯಲ್ಲ: ಗಂಟೆಗೆ 70 ಕಿ.ಮೀ. ಬೀಸಿದರೆ ಮೂತಿಯನ್ನು 15 ಡಿಗ್ರಿ ಗಾಳಿಯತ್ತ ತಿರುಗಿಸಿಕೊಂಡೇ ಹಾರಬೇಕು, ವೇಗ 270ರಿಂದ 261ಕ್ಕೆ ಇಳಿಯುತ್ತದೆ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. ಮಾತ್ರ. ಗಾಳಿ ಅನುಕೂಲವಾಗಿದ್ದಾಗ ಅದನ್ನು 53 ಸೆಕೆಂಡಿನಲ್ಲಿ ದಾಟಿದ ದಾಖಲೆಯಿದೆ. ಗಾಳಿ ತಿರುಗಿದರೆ ಎದುರು ದಿಕ್ಕಿನಲ್ಲಿ ಏರಿ, ಸುತ್ತಿ ಬಂದು ಇಳಿಯಬೇಕು.

ಲುಕ್ಲಾದಲ್ಲಿ ಆ ಆಯ್ಕೆಯೂ ಇಲ್ಲ. ಸುಮಾರು ಶೇ. 12 ಇಳಿಜಾರಿನ ರನ್‌ವೇಯ ಮೇಲ್ತುದಿಗೆ ಬೆಟ್ಟ ಅಡ್ಡ ನಿಂತಿದೆ. ಇಳಿಯುವುದು ಏರುಮುಖವಾಗಿ, ಹೊರಡುವುದು ಇಳಿಮುಖವಾಗಿ. ಗಾಳಿ ಯಾವ ಕಡೆಯಿಂದ ಬೀಸಿದರೂ ಇದು ಬದಲಾಗದು. ಮಧ್ಯಾಹ್ನ ಕಣಿವೆಯಲ್ಲಿ ಗಾಳಿ, ಮೋಡ ಏಳುವುದರಿಂದ ಹಾರಾಟಗಳೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಅರ್ಧ ದಾರಿಯಲ್ಲಿ ಮೋಡ ಮುಚ್ಚಿದರೆ ವಿಮಾನ ಹಿಂದಿರುಗುತ್ತದೆ. ಆದ್ದರಿಂದ ಪೈಲಟ್ ಇಂಧನ ತುಂಬಿಸುವುದು ಬರೀ 74 ಕಿ.ಮೀ.ಗೆ ಅಲ್ಲ, ಹೋಗುವ ದಾರಿಗೆ, ವಾಪಸು ದಾರಿಗೆ, ಅದರ ಮೇಲೆ ಮೀಸಲಿಗೆ. ಆ ಇಂಧನದ ತೂಕದಷ್ಟು ಸಾಮಾನು ಕೆಳಗೇ ಉಳಿಯುತ್ತದೆ. ಬಲ್ಲ ಚಾರಣಿಗರು ದಿನದ ಮೊದಲ ಹಾರಾಟಕ್ಕೇ ಟಿಕೆಟ್ ಕೇಳುತ್ತಾರೆ, ಊರಿಗೆ ಮರಳುವ ವಿಮಾನಕ್ಕೆ ಮುಂಚೆ ಒಂದೆರಡು ದಿನ ಖಾಲಿ ಇಟ್ಟುಕೊಳ್ಳುತ್ತಾರೆ.