ಬಸಿರಿನಲ್ಲಿ ಮೂಲವ್ಯಾಧಿ: ಕಬ್ಬಿಣದ ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ನನಗೀಗ ಎಂಟನೇ ತಿಂಗಳು, ಚೊಚ್ಚಲ ಬಸಿರು. ಹದಿನೈದು ದಿನಗಳಿಂದ ಮಲವಿಸರ್ಜನೆಯಾದ ಮೇಲೆ ಕೆಂಪು ರಕ್ತ ಹನಿಯುತ್ತಿದೆ. ತೊಳೆಯುವಾಗ ದ್ರಾಕ್ಷಿಯಷ್ಟು ಗಾತ್ರದ ಮೆತ್ತಗಿನ ಗಂಟು ಕೈಗೆ ಸಿಗುತ್ತದೆ. ಕಬ್ಬಿಣದ ಮಾತ್ರೆಯಿಂದ ಉಷ್ಣವಾಗಿದೆ, ನಿಲ್ಲಿಸು ಎನ್ನುತ್ತಾರೆ ಅತ್ತೆ. ತಪಾಸಣೆಗೆ ಹೋದಾಗ ವೈದ್ಯರಿಗೆ ಹೇಳಲು ನಾಚಿಕೆಯಾಯಿತು. ಇದರಿಂದ ಸಹಜ ಹೆರಿಗೆಗೆ ತೊಂದರೆಯಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಮೂಲವ್ಯಾಧಿ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಸಿಸೇರಿಯನ್ ಮಾಡುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೀಡು ಮಾಡಿದ್ದು ಆ ಗಂಟಲ್ಲ, ಹೇಳದೆ ಹಿಂತಿರುಗಿದ ನಾಚಿಕೆ. ಗರ್ಭಿಣಿಯರನ್ನು ದಿನವೂ ನೋಡುವ ವೈದ್ಯರಿಗೂ ದಾದಿಯರಿಗೂ ಇದು ನೆಗಡಿಯಷ್ಟೇ ಮಾಮೂಲು.

ಗುದದ್ವಾರದ ಒಳಗೆ ರಕ್ತನಾಳಗಳ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಅವು ಉಬ್ಬಿ ಜಾರಿದರೆ ಮೂಲವ್ಯಾಧಿ. ಬಸಿರಿನಲ್ಲಿ ಉಬ್ಬಲು ಕಾರಣಗಳು ಒಂದರ ಮೇಲೊಂದು ಬಂದು ಕೂರುತ್ತವೆ: ಮೈಯ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚಿರುತ್ತದೆ, ಬೆಳೆದ ಗರ್ಭಕೋಶ ಕೆಳಗಿನ ರಕ್ತನಾಳಗಳನ್ನು ಅದುಮುತ್ತದೆ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕರುಳಿನ ಓಟವನ್ನು ನಿಧಾನಗೊಳಿಸುತ್ತದೆ. ಮಲ ಗಟ್ಟಿಯಾಗುತ್ತದೆ, ನೀವು ತಿಣುಕುತ್ತೀರಿ, ಮೆತ್ತೆ ಹೊರಗೆ ಇಣುಕುತ್ತದೆ.

ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಕಬ್ಬಿಣದ ಮಾತ್ರೆ ಮಲಬದ್ಧತೆ ತರುತ್ತದೆ, ಮಲವನ್ನು ಕಪ್ಪಾಗಿಸುತ್ತದೆ. ಆದರೆ ರಕ್ತ ಹೋಗುತ್ತಿರುವವರು ರಕ್ತ ಹೆಚ್ಚಿಸುವ ಮಾತ್ರೆಯನ್ನೇ ಬಿಟ್ಟರೆ ಹೇಗೆ? ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಹೆರಿಗೆಯಲ್ಲಿ ಇನ್ನಷ್ಟು ರಕ್ತ ಹೋಗುವುದು ಬಾಕಿ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಲು ಹೇಳುವುದು ಸುಮ್ಮನೆ ಅಲ್ಲ. ಹೊಟ್ಟೆಗೆ ಒಗ್ಗದಿದ್ದರೆ ಬೇರೆ ಬಗೆಯ ಕಬ್ಬಿಣವನ್ನು ವೈದ್ಯರಲ್ಲಿ ಕೇಳಿ ಪಡೆಯಿರಿ. ಆದರೆ ಕಾಫಿ, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ಅದನ್ನು ನುಂಗಬೇಡಿ.

ಮಾಡಬೇಕಾದ ದೊಡ್ಡ ಕೆಲಸ ಮಲವನ್ನು ಮೆತ್ತಗಿಡುವುದು. ಬಿಳಿ ಅನ್ನ, ತಿಳಿಸಾರಿನಿಂದ ಅದು ಆಗದು. ಸೊಪ್ಪಿನ ಸಾರಿನೊಂದಿಗೆ ರಾಗಿಮುದ್ದೆ, ಮೊಳಕೆಕಾಳು, ಹುರುಳಿಕಾಯಿ ಪಲ್ಯ, ಸೀಬೆಹಣ್ಣು ಇರಲಿ. ದಿನಕ್ಕೆ ಎಂಟು ಹತ್ತು ಲೋಟ ನೀರು ಒಳಗೆ ಹೋಗಲಿ. ಸಾಲದಿದ್ದರೆ ಇಸಬ್‌ಗೋಲ್ ಅಥವಾ ಲ್ಯಾಕ್ಟುಲೋಸ್ ಸಿರಪ್ ಬಸಿರಿನಲ್ಲಿಯೂ ನಡೆಯುತ್ತದೆ, ಅಳತೆಯನ್ನು ವೈದ್ಯರು ಹೇಳುತ್ತಾರೆ. ಹರಳೆಣ್ಣೆ ಬೇಡವೇ ಬೇಡ, ಅದು ಗರ್ಭಕೋಶವನ್ನು ಕೆರಳಿಸಬಲ್ಲದು. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಮಾಯ’ ಎಂದು ಬರೆದುಕೊಂಡವರ ಕಡೆಗಂತೂ ತಿರುಗಿಯೂ ನೋಡಬೇಡಿ.

ಮಲ ಬಂದಂತೆನಿಸಿದಾಗ ತಡೆಹಿಡಿಯಬೇಡಿ. ಕಮೋಡ್ ಬಳಸುವವರು ಕಾಲ ಕೆಳಗೆ ಊಟದ ಮಣೆಯಂಥದ್ದೊಂದನ್ನು ಇಟ್ಟುಕೊಂಡರೆ ಮಂಡಿ ಮೇಲೇರಿ, ಮಲದ ದಾರಿ ನೇರವಾಗುತ್ತದೆ. ಮೊಬೈಲ್ ಹೊರಗೇ ಇರಲಿ.

ಉರಿ, ತುರಿಕೆಗೆ ಅಗಲವಾದ ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿಸಿ ಹತ್ತು ಹದಿನೈದು ನಿಮಿಷ ಕೂರಿ. ದಿನಕ್ಕೆ ಎರಡು ಮೂರು ಬಾರಿ ಮಾಡಬಹುದು. ನೀರಿಗೆ ಏನನ್ನೂ ಬೆರೆಸಬೇಕಿಲ್ಲ. ಆದರೆ ಎಂಟು ತಿಂಗಳ ಹೊಟ್ಟೆ ಹೊತ್ತು ನೆಲದ ಬೇಸಿನ್ನಿನಿಂದ ಏಳುವುದು ಸುಲಭವಲ್ಲ. ಅದನ್ನು ಸ್ಟೂಲಿನ ಮೇಲಿಡಿ, ಕೈಕೊಟ್ಟು ಎಬ್ಬಿಸಲು ಯಾರಾದರೂ ಹತ್ತಿರ ಇರಲಿ. ಮಲಗುವಾಗ ಎಡಮಗ್ಗುಲು ಒಳ್ಳೆಯದು. ಮುಲಾಮನ್ನು ನೀವಾಗಿಯೇ ಕೊಳ್ಳಬೇಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ರಕ್ತ ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗಬೇಕು. ಶುಚಿಯಾದ ಹತ್ತಿಯನ್ನು ಮುಂದೆ ಒಂದು, ಹಿಂದೆ ಒಂದು ಒತ್ತಿ ನೋಡಿ. ಯೋನಿಯಿಂದ ಬಂದಿದ್ದರೆ, ನೋವಿಲ್ಲದಿದ್ದರೂ, ಆ ಕ್ಷಣವೇ ಹೆರಿಗೆ ಆಸ್ಪತ್ರೆಗೆ ಹೊರಡಿ. ಮಾಸು ಗರ್ಭಕೋಶದ ಬಾಯಿಯ ಬಳಿ, ಕೆಳಗೆ ಕುಳಿತಿರಬಹುದು. ಗಂಟು ಒಮ್ಮೆಲೇ ನೀಲಿಯಾಗಿ, ಗಟ್ಟಿಯಾಗಿ, ಕೂರಲಾಗದಷ್ಟು ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಮೂರು ದಿನದೊಳಗೆ ತೋರಿಸಿದರೆ ಚಿಕಿತ್ಸೆಗೆ ಹೆಚ್ಚು ದಾರಿಗಳಿರುತ್ತವೆ. ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತಾದರೆ ಅದು ಬಹುಶಃ ಗುದದ್ವಾರದ ಬಿರುಕು. ಜನ ಎಲ್ಲವನ್ನೂ ಪೈಲ್ಸ್ ಎಂದೇ ಕರೆಯುತ್ತಾರೆ, ಆದ್ದರಿಂದ ಒಮ್ಮೆ ವೈದ್ಯರ ಕಣ್ಣಿಗೆ ಬೀಳಲೇಬೇಕು.

ಹೆರಿಗೆಯಲ್ಲಿ ಮಗುವನ್ನು ಹೊರದೂಡಲು ಮುಕ್ಕುವಾಗ ಗಂಟು ಇನ್ನಷ್ಟು ಉಬ್ಬುವುದುಂಟು. ಹೆದರಬೇಡಿ, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯಗೊಡದಿರುವುದು ಬಹಳ ಸಲ ನಮ್ಮ ಬಾಣಂತನದ ಕ್ರಮವೇ. ‘ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಎಂದು ಲೋಟ ಕಿತ್ತುಕೊಳ್ಳುತ್ತಾರೆ, ಹಣ್ಣು ಶೀತ ಎನ್ನುತ್ತಾರೆ, ತಟ್ಟೆಯಲ್ಲಿ ಮೆಣಸಿನ ಸಾರು, ಅನ್ನ, ಬೆಳ್ಳುಳ್ಳಿ, ತುಪ್ಪ ಬಿಟ್ಟರೆ ಬೇರೇನೂ ಇರುವುದಿಲ್ಲ. ಎದೆಹಾಲಿಗೇ ಇನ್ನಷ್ಟು ನೀರು ಬೇಕಾದ ಹೊತ್ತದು! ಅದರ ಮೇಲೆ, ಹೆರಿಗೆಯಲ್ಲಿ ಹಾಕಿದ ಹೊಲಿಗೆ ಬಿಚ್ಚೀತೆಂಬ ಭಯದಿಂದ ಬಾಣಂತಿ ಮೂರು ದಿನ ಶೌಚಾಲಯದ ಕಡೆಗೇ ಹೋಗುವುದಿಲ್ಲ. ಹೊಲಿಗೆ ಹಾಗೆ ಬಿಚ್ಚುವುದಿಲ್ಲ. ಶುಚಿಯಾದ ಪ್ಯಾಡನ್ನು ಹೊಲಿಗೆಗೆ ಮೆಲ್ಲಗೆ ಒತ್ತಿ ಹಿಡಿದು ಕುಳಿತರೆ ಧೈರ್ಯವೂ ಬರುತ್ತದೆ, ನೋವೂ ಕಡಿಮೆ. ಅತ್ತೆಯವರೊಂದಿಗೆ ಜಗಳ ಬೇಡ. ಮೆಣಸಿನ ಸಾರನ್ನು ಉಣ್ಣಿರಿ, ಜೊತೆಗೆ ಸೊಪ್ಪಿನ ಪಲ್ಯವನ್ನೂ ಬೇಯಿಸಿಕೊಳ್ಳಿ. ನೀರನ್ನು ಕಾಯಿಸಿ ಆರಿಸಿ ಕೊಡಿ ಎಂದು ಕೇಳಿದರೆ ಅವರೂ ಒಪ್ಪಬಹುದು. ಮಗುವಿಗೆ ಹಾಲುಣಿಸಲು ಕೂತಾಗಲೆಲ್ಲ ಆ ಚೊಂಬು ಕೈಗೆಟಕುವಂತಿರಲಿ.

ಹೆರಿಗೆಯಾಗಿ ಎರಡು ತಿಂಗಳು ಕಳೆದರೂ ರಕ್ತ ನಿಲ್ಲದಿದ್ದರೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಗಂಟಿನ ಬುಡಕ್ಕೆ ರಬ್ಬರ್ ಬಳೆ ಹಾಕಿ ಉದುರಿಸುವ ವಿಧಾನವಿದೆ. ಒಳಗಿನ ಮೂಲವ್ಯಾಧಿಯಾದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಸದ್ಯಕ್ಕೆ, ಮುಂದಿನ ತಪಾಸಣೆಯವರೆಗೆ ಕಾಯದೆ ಈ ವಾರವೇ ತಾಯಿ ಕಾರ್ಡ್ ಹಿಡಿದು ಹೋಗಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ.